ಜಾತ್ರೆಯ ಜನರೇಟರ್ ಮತ್ತು ಕಾಣದ ಅನಿಲ

ಮಕ್ಕಳೇ, ಬನದ ಹುಣ್ಣಿಮೆ ಬಂತೆಂದರೆ ಬಾದಾಮಿ ಸಮೀಪದ ಬನಶಂಕರಿಯಲ್ಲಿ ಜಾತ್ರೆ. ತೇರು ಎಳೆದ ಮೇಲೂ ಹಲವು ದಿನ ಅಂಗಡಿಗಳಿರುತ್ತವೆ. ನಾಟಕ ಕಂಪನಿಗಳ ಟೆಂಟುಗಳಲ್ಲಿ ರಾತ್ರಿಯೆಲ್ಲ ನಾಟಕ ನಡೆಯುತ್ತದೆ. ಇಂತಹ ಕಡೆ ಕರೆಂಟು ಹೋದರೆ ನೆರವಿಗೆ ಬರುವುದು ಜನರೇಟರ್.

ಒಂದು ಸಂದರ್ಭ ಊಹಿಸಿಕೊಳ್ಳಿ. ಬಳೆ ಅಂಗಡಿಯ ಕುಟುಂಬ ಅಂಗಡಿಯಲ್ಲೇ ಮಲಗುತ್ತದೆ. ಹೊರಗೆ ಚಳಿ. ಜನರೇಟರ್ ಕಳವಾದೀತೆಂದು ಅದನ್ನು ಒಳಗೆ ತಂದು, ನಡೆಯುತ್ತಿರುವಾಗಲೇ ತಾಡಪತ್ರಿ ಇಳಿಬಿಟ್ಟು ಮಲಗಿದರೆ ಏನಾಗುತ್ತದೆ?

ಜನರೇಟರ್ ಹೇಗೆ ಕೆಲಸ ಮಾಡುತ್ತದೆ?

ತಂತಿಯ ಸುರುಳಿಯ ಬಳಿ ಅಯಸ್ಕಾಂತ ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದನ್ನು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದರು. ಸೈಕಲ್ ಡೈನಮೋದಲ್ಲಿ ತಿರುಗಿಸುವ ಕೆಲಸ ಚಕ್ರದ್ದು. ಜನರೇಟರಿನಲ್ಲಿ ಆ ಕೆಲಸ ಪೆಟ್ರೋಲ್ ಅಥವಾ ಡೀಸೆಲ್ ಉರಿಸುವ ಎಂಜಿನ್ನಿನದು.

ಕಾಣದ ಅನಿಲ

ಇಂಧನ ಪೂರ್ಣವಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಉಂಟಾಗುತ್ತವೆ. ಎಂಜಿನ್ನಿನಲ್ಲಿ ಸ್ವಲ್ಪ ಭಾಗ ಅಪೂರ್ಣವಾಗಿ ಉರಿದು ಇಂಗಾಲದ ಮೊನಾಕ್ಸೈಡ್ ಆಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಇದು ಇರಬಹುದು.

ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ದೇಹಕ್ಕೆಲ್ಲ ಸಾಗಿಸುತ್ತದೆ. ಆದರೆ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಆಗ ಆಮ್ಲಜನಕಕ್ಕೆ ಜಾಗವೇ ಸಿಗದು. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ನಂತರ ಪ್ರಜ್ಞೆ ತಪ್ಪಿ ಸಾವೂ ಸಂಭವಿಸಬಹುದು. ಮಲಗಿದವರಿಗೆ ಈ ಮುನ್ಸೂಚನೆ ತಿಳಿಯುವುದೇ ಇಲ್ಲ. ಮೂಗಿಗೆ ಬಟ್ಟೆ ಕಟ್ಟಿದರೂ ಈ ಅನಿಲ ತಡೆಯದು.

ಯಾವಾಗ ಏನು ಮಾಡಬೇಕು?

ಚಳಿಯಲ್ಲಿ: ಜನರೇಟರ್ ಬಯಲಿನಲ್ಲೇ ಇರಲಿ. ಮನೆ, ಟೆಂಟುಗಳಿಂದ ಕನಿಷ್ಠ 6 ಮೀಟರ್ ದೂರವಿರಲಿ. ಹೊಗೆ ಕೊಳವೆ ಜನರಿರುವ ಕಡೆಗೆ ಮುಖ ಮಾಡಬಾರದು. ಕಿಟಕಿ ತೆರೆದು ಒಳಗಿಟ್ಟರೆ ಸಾಲದು.

ಮಳೆಯಲ್ಲಿ: ನೀರು ನಿಲ್ಲದ ಎತ್ತರದ ಜಾಗ ಬೇಕು. ಮೇಲೆ ಚಪ್ಪರವಿರಲಿ, ಸುತ್ತ ಗೋಡೆಯಾಗಲಿ ಪರದೆಯಾಗಲಿ ಬೇಡ. ಒದ್ದೆ ಕೈಯಿಂದ ಮುಟ್ಟಿದರೆ ಶಾಕ್ ಹೊಡೆಯುತ್ತದೆ.

ಬೇಸಿಗೆಯಲ್ಲಿ: ಪೆಟ್ರೋಲ್ ಆವಿಗೆ ಬೇಗ ಬೆಂಕಿ ಹತ್ತುತ್ತದೆ. ಎಂಜಿನ್ ನಿಲ್ಲಿಸಿ, ಅದು ತಣ್ಣಗಾದ ಮೇಲೆಯೇ ಪೆಟ್ರೋಲ್ ಹಾಕಬೇಕು. ಹತ್ತಿರ ಬೀಡಿ, ದೀಪ ಇರಬಾರದು.

ಧೂಳಿನಲ್ಲಿ: ಗಾಳಿ ಶೋಧಕ ಕಟ್ಟಿಕೊಂಡರೆ ಎಂಜಿನ್ನಿಗೆ ಗಾಳಿ ಸಾಲದೆ ಮೊನಾಕ್ಸೈಡ್ ಹೆಚ್ಚುತ್ತದೆ. ಆಗಾಗ ಸ್ವಚ್ಛಗೊಳಿಸಬೇಕು.

ಕರೆಂಟು ಹೋದಾಗ: ಜನರೇಟರಿನ ತಂತಿಯನ್ನು ಮನೆಯ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಬಾರದು. ವಿದ್ಯುತ್ ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ನ ಪ್ರಾಣ ತೆಗೆಯಬಹುದು.

ನಿಮ್ಮ ಪಾಲಿನ ಕೆಲಸ

ಜನರೇಟರ್ ನಡೆಸುವುದು ದೊಡ್ಡವರ ಕೆಲಸ. ನೋಡಿ ಎಚ್ಚರಿಸುವುದು ನಿಮ್ಮ ಕೆಲಸ. ಜನರೇಟರಿನ ಬಳಿ ತಲೆ ಸುತ್ತಿದರೆ ತಕ್ಷಣ ಬಯಲಿಗೆ ಬನ್ನಿ. ಯಾರಾದರೂ ಒಳಗೆ ಬಿದ್ದಿದ್ದರೆ ನೀವು ನುಗ್ಗಬೇಡಿ. ದೊಡ್ಡವರನ್ನು ಕೂಗಿ, 108ಕ್ಕೆ ಕರೆ ಮಾಡಿಸಿ.

ಈಗ ಬಳೆ ಅಂಗಡಿಯವರಿಗೆ ಏನು ಹೇಳುವಿರಿ? ಕಳವಿನ ಭಯವಿದ್ದರೆ ಜನರೇಟರನ್ನು ಹೊರಗೇ ಸರಪಳಿ ಹಾಕಿ ಕಂಬಕ್ಕೆ ಬಿಗಿಯಲಿ. ಮಲಗುವಾಗ ಅದನ್ನು ನಿಲ್ಲಿಸಲಿ. ಕಳೆದ ಯಂತ್ರ ಮತ್ತೆ ಕೊಳ್ಳಬಹುದು. ಹೋದ ಜೀವ ಬಾರದು.

ಅಳೆದು ನೋಡಿ: ಶಾಲೆಯ ಅಂಗಳದಲ್ಲಿ 6 ಮೀಟರ್ ಅಳೆದು ಗೆರೆ ಎಳೆಯಿರಿ. ಅದು ನಿಮ್ಮ ಎಷ್ಟು ಹೆಜ್ಜೆ? ನೆನಪಿಡಿ. ಜಾತ್ರೆಯಲ್ಲಿ ದೂರದಿಂದಲೇ ಅಂದಾಜು ಮಾಡಬಹುದು.

ಯೋಚಿಸಿ: ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಒಲೆ ಇಟ್ಟು ಮಲಗುವುದೂ ಅಪಾಯ. ಏಕೆ?