ಗುಡ್ಡ ಕುಸಿಯುವುದೇಕೆ?

ನಮ್ಮ ಊರಿನ ಚಾಮುಂಡಿ ಬೆಟ್ಟವನ್ನು ನಾವು ಕದಲದ ವಸ್ತುವೆಂದೇ ಎಣಿಸುತ್ತಿದ್ದೆವು. ಆದರೆ 2021ರ ಅಕ್ಟೋಬರ್ ತಿಂಗಳಿನಲ್ಲಿ ಬಿರುಸಾಗಿ ಸುರಿದ ಮಳೆಗೆ, ಆ ಬೆಟ್ಟದಲ್ಲಿ ನಂದಿಯ ಬಳಿಗೆ ಹೋಗುವ ರಸ್ತೆಯ ಒಂದು ಭಾಗವು ಕುಸಿದುಹೋಯಿತು. ಬೆಟ್ಟವೆಂದರೆ ಬರಿಯ ಬಂಡೆಯಲ್ಲ. ಅದರ ಮೈಮೇಲೆ ಮಣ್ಣಿನ ಹೊದಿಕೆಯೂ ಉಂಟು. ಮಳೆಗೆ ಜಾರುವುದು ಬಹುಮಟ್ಟಿಗೆ ಈ ಹೊದಿಕೆಯೇ.

ಕೆನಡಾ ದೇಶದ ಪಶ್ಚಿಮ ಕರಾವಳಿಯ ಪರ್ವತಗಳಲ್ಲಿ, ವಸಂತಕಾಲದ ಬೆಚ್ಚನೆಯ ಮಳೆಯು ಹಿಮದ ಮೇಲೆ ಬಿದ್ದು ಒಳಗಿಳಿದರೆ, ಪದರಗಳ ಹಿಡಿತವು ಸಡಿಲವಾಗಿ ಹಿಮವು ರಾಶಿರಾಶಿಯಾಗಿ ಉರುಳುವುದು. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಹಿಮವಿಲ್ಲ, ಅದರ ಸ್ಥಾನದಲ್ಲಿ ಮಣ್ಣಿದೆ. ನೀರು ಮಾಡುವ ಕೆಲಸವು ಮಾತ್ರ ಹೆಚ್ಚುಕಡಮೆ ಅದೇ.

ಸೋದರಿಯರೇ, ಚಿಕ್ಕಂದಿನಲ್ಲಿ ಮರಳಿನೊಳಗೆ ಪಾದವಿಟ್ಟು ಗುಬ್ಬಚ್ಚಿ ಗೂಡು ಕಟ್ಟಿದ್ದನ್ನು ನೆನೆಯಿರಿ. ಒಣ ಮರಳು ನಿಲ್ಲದು. ತುಸು ತೇವವಾದದ್ದು ಕಮಾನಿನಂತೆ ನಿಲ್ಲುವುದು. ಅದರ ಮೇಲೆ ಒಂದು ಚೊಂಬು ನೀರು ಸುರಿದರೆ ಗೂಡೇ ಹರಿದುಹೋಗುವುದು. ಕಣಗಳ ನಡುವಣ ತೆಳುವಾದ ನೀರು ಅವನ್ನು ಒಂದಕ್ಕೊಂದು ಸೆಳೆದು ಹಿಡಿಯುವುದು. ಸಂದುಗಳೆಲ್ಲವೂ ತುಂಬಿದೊಡನೆ ಅದೇ ನೀರು ಕಣಗಳನ್ನು ಒತ್ತಿ ಅಗಲಿಸುವುದು. ಮೇಲಾಗಿ ಮಣ್ಣಿನ ಭಾರವೂ ಹೆಚ್ಚುವುದು. ಅಡಿಯ ಜೇಡಿಯ ಮೇಲೋ ಬಂಡೆಯ ಮೇಲೋ ನೀರು ತಡೆದು ನಿಂತರಂತೂ ಜಾರುವ ದಾರಿಯು ಸಿದ್ಧವಾದಂತೆಯೇ.

ಆದಕಾರಣ ಅಪಾಯವನ್ನು ಆ ದಿನದ ಮಳೆಯೊಂದರಿಂದಲೇ ಅಳೆಯಲಾಗದು. ಅದಕ್ಕೆ ಮುಂಚೆ ಭೂಮಿಯು ಎಷ್ಟು ಕುಡಿದಿತ್ತೆಂಬುದೂ ಮುಖ್ಯ. 2018ರಲ್ಲಿ ಕೊಡಗಿನಲ್ಲಿ ಜೂನ್ ತಿಂಗಳಿಂದಲೂ ಮಳೆ ಹಿಡಿದಿತ್ತು. ಆಗಸ್ಟಿನ ನಡುವೆ ಮತ್ತೆ ಧಾರಾಕಾರವಾಗಿ ಸುರಿದಾಗ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಗುಡ್ಡಗಳು ಕಾಫಿಯ ತೋಟಗಳನ್ನೂ ಮನೆಗಳನ್ನೂ ಹೊತ್ತುಕೊಂಡು ಕೆಳಗಿಳಿದವು.

ಮಳೆಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಇಳಿಜಾರಿನ ಬುಡವೇ ಮೇಲಿನ ಮಣ್ಣಿಗೆ ಆಸರೆ. ಅದನ್ನು ರಸ್ತೆಗಾಗಿಯೋ ಮನೆಗಾಗಿಯೋ ಕಡಿದರೆ ಆಸರೆಯು ಹೋಗುವುದು. ಉತ್ತರ ಕನ್ನಡದ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಪಕ್ಕದಲ್ಲಿ ಕಡಿದಿದ್ದ ಗುಡ್ಡವು ಕುಸಿದು, ರಸ್ತೆಯನ್ನು ದಾಟಿ ಗಂಗಾವಳಿ ನದಿಗೇ ಬಿದ್ದಿತು. ಆ ರಭಸಕ್ಕೆ ಎದ್ದ ನೀರು ಆಚೆಯ ದಡದ ಉಳುವರೆ ಗ್ರಾಮದ ಮನೆಗಳಿಗೆ ಅಪ್ಪಳಿಸಿತು. ಗುಡ್ಡದ ಕೆಳಗಿಲ್ಲದವರೂ ಹೀಗೆ ಸಂಕಟಕ್ಕೆ ಸಿಕ್ಕಿದರು.

ಘಟ್ಟದ ಕಡೆಯಿಂದ ಬಂದು ಇಲ್ಲಿ ಓದುವ ಹುಡುಗಿಯರು ರಜೆಯಲ್ಲಿ ಮನೆಗೆ ಹೋದಾಗ ಹಿತ್ತಲಿನ ಬರೆಯನ್ನು ಒಮ್ಮೆ ನೋಡತಕ್ಕದ್ದು. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾಗಿ ಕದಡಿದ ಒರತೆ, ಕಾರಣವಿಲ್ಲದೆ ಬಿಗಿಯಾದ ಬಾಗಿಲು, ಇವುಗಳಲ್ಲಿ ಒಂದು ಕಂಡರೂ ಹಿರಿಯರಿಗೆ ತಿಳಿಸಿ, ಹಗಲಿರುವಾಗಲೇ ಮನೆಯವರೆಲ್ಲರೂ ಬೇರೆಡೆಗೆ ಹೋಗಬೇಕು. ಮಳೆಯು ನಿಂತಿತೆಂದು ಅಂದೇ ಹಿಂದಿರುಗಬಾರದು. ಆಕಾಶವು ತಿಳಿಯಾದ ಮೇಲೂ ಗುಡ್ಡದೊಳಗೆ ನೀರು ಇಳಿಯುತ್ತಲೇ ಇರುವುದು.