ಪೋಕರ್ ಆಡುವವರಿಗೆ ಆರು ಲೆಕ್ಕ

1. ಕೈಗಳ ಕ್ರಮವನ್ನು ಉರು ಹೊಡೆಯಬೇಡಿ, ಎಣಿಕೆ ನೋಡಿ. 52 ಎಲೆಗಳ ಪ್ಯಾಕಿನಿಂದ ಐದೆಲೆಯ ಕೈ 25,98,960 ಬಗೆಯಲ್ಲಿ ಬರಬಹುದು. ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಕೂಡಿದ ರಾಯಲ್ ಫ್ಲಶ್ ನಾಲ್ಕೇ ನಾಲ್ಕು. ಉಳಿದ ಸ್ಟ್ರೇಟ್ ಫ್ಲಶ್ 36, ಒಂದೇ ಅಂಕಿಯ ನಾಲ್ಕೆಲೆ 624, ಫುಲ್ ಹೌಸ್ 3,744, ಫ್ಲಶ್ 5,108, ಸ್ಟ್ರೇಟ್ 10,200, ಒಂದೇ ಅಂಕಿಯ ಮೂರೆಲೆ 54,912, ಎರಡು ಜೋಡಿ 1,23,552, ಒಂದು ಜೋಡಿ 10,98,240. ಏನೂ ಕೂಡದ ಕೈಗಳೇ ಅರ್ಧಕ್ಕಿಂತ ತುಸು ಹೆಚ್ಚು. ಅಪರೂಪದ್ದು ಮೇಲೆ, ಅಷ್ಟೇ.

2. ಮೂರೆಲೆಯ ಅಭ್ಯಾಸ ಬಿಡಿ. ಯುಗಾದಿಗೆ ಮೂರೆಲೆ ಆಡಿ ಬೆಳೆದವರು ಎಡವುವುದು ಇಲ್ಲೇ. ಅಲ್ಲಿ ಸೀಕ್ವೆನ್ಸ್ ಮುಂದೆ ಕಲರ್ ಸೋಲುತ್ತದೆ, ಏಕೆಂದರೆ 22,100 ಕೈಗಳಲ್ಲಿ ಬರೀ ಸೀಕ್ವೆನ್ಸ್ 720, ಕಲರ್ 1,096. ಐದೆಲೆಗೆ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ಐದೂ ಒಂದೇ ಜಾತಿ ಆಗುವುದು ಸಾಲು ಕೂಡುವುದಕ್ಕಿಂತ ಎರಡು ಪಟ್ಟು ಅಪರೂಪ, ಆದ್ದರಿಂದ ಫ್ಲಶ್ ಸ್ಟ್ರೇಟನ್ನು ಹೊಡೆಯುತ್ತದೆ. ಮೂರೆಲೆಯಲ್ಲಿ ಇನ್ನೊಂದು ಸೋಜಿಗವಿದೆ: ಮೂರೂ ಒಂದೇ ಅಂಕಿಯ ಟ್ರೇಲ್ 52, ಒಂದೇ ಜಾತಿಯ ಸಾಲಾದ ಪ್ಯೂರ್ ಸೀಕ್ವೆನ್ಸ್ 48. ಆದರೂ ಟ್ರೇಲೇ ದೊಡ್ಡದು. ಅಲ್ಲಿ ಗೆದ್ದದ್ದು ರೂಢಿ, ಎಣಿಕೆಯಲ್ಲ.

3. ಹೋಲ್ಡೆಮ್‌ನಲ್ಲಿ ಒಂದು ಜೋಡಿಗೆ ಹಿಗ್ಗಬೇಡಿ. ಕೈಯಲ್ಲಿ ಎರಡು, ಮೇಜಿನ ಮೇಲೆ ಐದು. ಏಳರಲ್ಲಿ ಒಳ್ಳೆಯ ಐದನ್ನು ಆರಿಸಬಹುದು. ಹಾಗಾಗಿ ಕೊನೆಯೆಲೆವರೆಗೂ ಹೋದರೆ ಏನೂ ಕೂಡದಿರುವ ಸಾಧ್ಯತೆ ಶೇ 17ಕ್ಕೆ ಇಳಿಯುತ್ತದೆ, ಎರಡು ಜೋಡಿಯದು ಶೇ 23 ದಾಟುತ್ತದೆ. ಎದುರಾಳಿಗೂ ಅದೇ ಅನುಕೂಲ.

4. ಎಕ್ಕದ ಜೋಡಿಗೆ ಕಾದು ಕೂರಬೇಡಿ. ಮೊದಲೆರಡು ಎಲೆಯಲ್ಲೇ ಅದು ಬರುವುದು ಸರಾಸರಿ 221 ಸಲಕ್ಕೆ ಒಮ್ಮೆ.

5. ಬೇಕಾದ ಎಲೆ ಎಣಿಸಿ, ಆಮೇಲೆ ಬೆಲೆ ನೋಡಿ. ಇದು ಎಲ್ಲಕ್ಕಿಂತ ಮುಖ್ಯ. ಫ್ಲಾಪ್‌ನಲ್ಲಿ ಮೂರೆಲೆ ಬಿದ್ದಾಗ ನಿಮ್ಮ ಎರಡೂ ಸೇರಿ ನಾಲ್ಕು ಹಾರ್ಟ್ ಆದವು ಅನ್ನಿ. ಕಾಣದ 47 ಎಲೆಗಳಲ್ಲಿ ಹಾರ್ಟ್ ಇನ್ನೂ ಒಂಬತ್ತು. ಮುಂದಿನ ಎಲೆಗೇ ಫ್ಲಶ್ ಆಗುವ ಸಾಧ್ಯತೆ ಶೇ 19, ಎರಡೂ ಎಲೆ ನೋಡಿದರೆ ಶೇ 35. ಸಾಲಿನ ನಡುವಿನ ಒಂದೇ ಅಂಕಿ ಬೇಕಿದ್ದರೆ ಉಳಿದಿರುವುದು ನಾಲ್ಕೆಲೆ, ಎರಡೂ ನೋಡಿದರೂ ಶೇ 16.5 ಮಾತ್ರ. ಮೇಜಿನಲ್ಲೇ ಅಂದಾಜಿಸಲು, ಬೇಕಾದ ಎಲೆಗಳನ್ನು ಒಂದೆಲೆಗೆ ಎರಡರಿಂದ, ಎರಡೆಲೆಗೆ ನಾಲ್ಕರಿಂದ ಗುಣಿಸಿ.

ಈಗ ಬೆಲೆ. ಮಧ್ಯದಲ್ಲಿ 300 ಇದೆ, ಆಟದಲ್ಲಿ ಉಳಿಯಲು ನೀವು 100 ಹಾಕಬೇಕು. ಒಟ್ಟು 400ರಲ್ಲಿ ನಿಮ್ಮ ಪಾಲು ಕಾಲು ಭಾಗ, ಅಂದರೆ ಗೆಲ್ಲುವ ಸಾಧ್ಯತೆ ಶೇ 25 ಆದರೂ ಇರಬೇಕು. ನಾಲ್ಕು ಹಾರ್ಟ್ ಇರುವ ಕೈಗೆ ಒಂದೇ ಎಲೆ ನೋಡಲು ಇದು ದುಬಾರಿ. ಮುಂದೆ ಎದುರಾಳಿಯಿಂದ ಇನ್ನಷ್ಟು ಬರುವಂತಿಲ್ಲದಿದ್ದರೆ ಎಲೆ ಕೆಳಗಿಡಿ. ಅವನು ಇದ್ದದ್ದೆಲ್ಲ ಇಟ್ಟು ಆಲ್ ಇನ್ ಆಗಿದ್ದರೆ ಅದೇ 100ಕ್ಕೆ ಎರಡೂ ಎಲೆ ಸಿಗುತ್ತವೆ. ಆಗ ಹಾಕಿ.

6. ಹುಣಸೆ ಬೀಜ ಇಟ್ಟು ಕಲಿಯಿರಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಕಾಯ್ದೆಯಲ್ಲಿ ನಿಷೇಧಿಸಿದೆ. ಕಲಿಕೆಗೆ ಮನೆಯ ಚಾಪೆ, ಒಂದು ಪ್ಯಾಕ್ ಇಸ್ಪೀಟು ಸಾಕು. ಎಲೆ ತಿರುವುವ ಮೊದಲು ಪ್ರತಿಯೊಬ್ಬರೂ ತಮ್ಮ ಸಾಧ್ಯತೆ ಶೇಕಡಾ ಎಷ್ಟೆಂದು ಜೋರಾಗಿ ಹೇಳಲಿ.