ಗಂಜಿಗೆ ನಾಚಬೇಡಿ ಮಕ್ಕಳೇ

ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರದಿಂದ ಹೊರಟು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೋಣೆ ಹಿಡಿದಿರುವ ಮಕ್ಕಳೇ, ನಿಮ್ಮೊಡನೆ ಊಟದ ವಿಷಯ ಮಾತಾಡಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಮೊದಲ ಕೆಲಸದ ಸಂಬಳ ಎಷ್ಟರದ್ದು ಎಂದು ನನಗೆ ಗೊತ್ತಿದೆ. ಬಾಡಿಗೆ ಕೊಟ್ಟು, ಕಲಿತ ಸಾಲದ ಕಂತು ಕಟ್ಟಿ, ಮನೆಗೆ ಒಂದಿಷ್ಟು ಕಳಿಸಿ ಉಳಿದದ್ದರಲ್ಲಿ ಹೊಟ್ಟೆಪಾಡು ನಡೆಯಬೇಕು. ಇಪ್ಪತ್ತನೇ ತಾರೀಕು ದಾಟಿತೆಂದರೆ ಬೆಳಗ್ಗೆ ಚಹಾ ಬಿಸ್ಕತ್ತು, ರಾತ್ರಿ ಮ್ಯಾಗಿ ಎಂದು ದಿನ ದೂಡುತ್ತೀರಿ. ಹಬ್ಬಕ್ಕೆ ಊರಿಗೆ ಬಂದಾಗ ಮುಖ ನೋಡಿದರೇ ತಿಳಿಯುತ್ತದೆ. ಅಷ್ಟೇ ದುಡ್ಡಿನಲ್ಲಿ ಹೊಟ್ಟೆ ತುಂಬ ಉಣ್ಣುವ ವಿದ್ಯೆ ನಮ್ಮ ಮನೆಗಳಲ್ಲೇ ಇದೆ. ಅದನ್ನು ಕೈಗೆ ಹಚ್ಚಿಕೊಳ್ಳದೆ ನೀವು ಮನೆ ಬಿಟ್ಟಿದ್ದೀರಿ, ಅದೇ ನನ್ನ ಸಂಕಟ.

ನಮ್ಮ ಕಡೆಯ ದಿನನಿತ್ಯದ ಅಡುಗೆ ರೂಪುಗೊಂಡದ್ದು ಕಷ್ಟಕಾಲದಲ್ಲಿ. ಆಟಿ ತಿಂಗಳಲ್ಲಿ, ಮಲಯಾಳದವರು ಕರ್ಕಿಡಕ ಎನ್ನುವ ಆ ದಿನಗಳಲ್ಲಿ, ಬಿಡದೆ ಸುರಿಯುವ ಮಳೆಗೆ ಕೂಲಿ ನಿಲ್ಲುತ್ತಿತ್ತು, ಪತ್ತಾಯದ ಭತ್ತ ತಳ ಕಾಣುತ್ತಿತ್ತು, ದೋಣಿಗಳು ಕಡಲಿಗೆ ಇಳಿಯುತ್ತಿರಲಿಲ್ಲ. ಆಗ ಹಿತ್ತಿಲಲ್ಲಿ ತಾನಾಗಿ ಹುಟ್ಟಿದ ಚಗಟೆಯ ಎಳೆ ಸೊಪ್ಪು, ಕೆಸುವಿನ ಎಲೆ, ಹೊಗೆ ಅಟ್ಟದಲ್ಲಿಟ್ಟ ಹಲಸಿನ ಬೀಜ, ಬೇಸಗೆಯಲ್ಲೇ ಉಪ್ಪುನೀರಿಗೆ ಹಾಕಿಟ್ಟ ಮಾವಿನಕಾಯಿ, ಬಾಳೆ ಬಳ್ಳಿಯಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕಿದ ಸೌತೆಕಾಯಿ, ಇವುಗಳಲ್ಲೇ ತಿಂಗಳು ಕಳೆಯುತ್ತಿತ್ತು. ಫ್ರಿಜ್ ಇರಲಿಲ್ಲ, ಅಂಗಡಿಯಲ್ಲಿ ಕಡ ಹೇಳಲು ಮುಖವೂ ಇರಲಿಲ್ಲ. ಇಂದು ನಿಮಗೆ ತಿಂಗಳ ಕೊನೆಯ ಹತ್ತು ದಿನ ಇದ್ದಂತೆ ಅಂದಿನವರಿಗೆ ಇಡೀ ಮಳೆಗಾಲ.

ಹಲಸಿನ ಸೊಳೆಯ ಭರಣಿ ನೆನಪಿದೆಯೇ? ಬೆಳೆದ ಕಾಯಿಯ ಸೊಳೆ ಬಿಡಿಸಿ, ಒಂದು ಪದರ ಸೊಳೆ, ಒಂದು ಪದರ ಉಪ್ಪು ಎಂದು ತುಂಬಿ, ಮೇಲೆ ಕಲ್ಲು ಹೇರಿ ಮುಚ್ಚಿಟ್ಟರೆ ಮಳೆಗಾಲ ಪೂರ್ತಿ ತರಕಾರಿಯ ಚಿಂತೆ ಇಲ್ಲ. ಬೇಕಾದಾಗ ಹಿಡಿಯಷ್ಟು ತೆಗೆದು, ಮೂರು ನಾಲ್ಕು ಗಂಟೆ ನೀರಲ್ಲಿ ಹಾಕಿ, ನಡುವೆ ನೀರು ಬದಲಿಸಿ ಹಿಂಡಿದರೆ ಉಪ್ಪು ಬಿಡುತ್ತದೆ. ಪಲ್ಯ ಆಗುತ್ತದೆ, ರೊಟ್ಟಿ ಆಗುತ್ತದೆ, ಅಕ್ಕಿಯೊಡನೆ ಕಡೆದು ಸಂಜೆಗೆ ಉಂಡ್ಲಕಾಳೂ ಆಗುತ್ತದೆ. ನಮ್ಮವರೇ ಆದ ವಾಣಿನಗರದ ಶ್ರೀಪಡ್ರೆಯವರು ‘ಅಡಿಕೆ ಪತ್ರಿಕೆ’ಯ ಮೂಲಕ ವರ್ಷಗಟ್ಟಲೆ ಹಲಸಿನ ಪರ ಬರೆದರು. ಕೇರಳ ಸರಕಾರ 2018ರಲ್ಲಿ ಅದನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು. ಹಾಗಿದ್ದರೂ ಪ್ರತಿ ಜೂನಿನಲ್ಲಿ ನಮ್ಮ ತೋಟಗಳಲ್ಲಿ ಹಲಸು ಬಿದ್ದು ಕೊಳೆಯುತ್ತದೆ, ಅದೇ ಹೊತ್ತಿಗೆ ನೀವು ಪೇಟೆಯಲ್ಲಿ ಅರ್ಧ ಕಿಲೋ ಬೀನ್ಸಿಗೆ ದುಡ್ಡು ಎಣಿಸುತ್ತೀರಿ. ಒಂದು ಡಬ್ಬಿ ಉಪ್ಪುಸೊಳೆ ಬಸ್ಸಿನಲ್ಲಿ ಹೊತ್ತೊಯ್ಯುವುದು ಕಷ್ಟವಲ್ಲ. ದಯವಿಟ್ಟು ಒಯ್ಯಿರಿ.

ಇನ್ನು ಗಂಜಿ. ಕೋಣೆಯ ಗೆಳೆಯರ ಎದುರು ಗಂಜಿ ಉಣ್ಣಲು ನಾಚಿಕೆ ಎಂದು ನಿಮ್ಮಲ್ಲೊಬ್ಬ ನನ್ನೊಡನೆ ಹೇಳಿದ್ದುಂಟು. ನಾಚುವಂಥದ್ದು ಅದರಲ್ಲೇನೂ ಇಲ್ಲ ಮಗಾ. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವಾಗ ತೌಡಿನಲ್ಲಿರುವ ಬಿ ಜೀವಸತ್ವದ ಒಂದಂಶ ಕಾಳಿನ ಒಳಕ್ಕೆ ಇಳಿಯುತ್ತದೆ. ಅದರಿಂದಲೇ ಕುಚ್ಚಿಲಕ್ಕಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಮೇಲು. ಕೇರಳದ ಶಾಲೆಗಳಲ್ಲಿ ಬಹುಕಾಲ ಮಧ್ಯಾಹ್ನಕ್ಕೆ ಕೊಟ್ಟದ್ದು ಗಂಜಿ ಮತ್ತು ಹೆಸರುಕಾಳು. ಬಡವರ ಮಕ್ಕಳು ಅದನ್ನುಂಡು ಕಲಿತು ದೊಡ್ಡವರಾಗಿದ್ದಾರೆ. ಅಕ್ಕಿಯಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಂಶ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವುದನ್ನು ಅಕ್ಕಿ ತುಂಬಿಕೊಡುತ್ತದೆ. ಹೀಗೆ ಎರಡೂ ಕೂಡಿದಾಗ ಮೈಗೆ ಬೇಕಾದ ಪ್ರೋಟೀನು ಸರಿಯಾಗಿ ಸಿಗುತ್ತದೆ. ಬರಿ ಗಂಜಿ ಉಪ್ಪಿನಕಾಯಿಯಲ್ಲಿ ದಿನಗಟ್ಟಲೆ ಇರಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಗಂಜಿಯ ಪಕ್ಕದಲ್ಲಿ ಯಾವುದಾದರೂ ಒಂದು ಕಾಳು ಇರಲೇಬೇಕು.

ಕುಚ್ಚಿಲಕ್ಕಿ ಬೇಯಲು ಹೊತ್ತು ಬೇಕು, ಗ್ಯಾಸ್ ಮುಗಿಯುತ್ತದೆ ಎನ್ನುತ್ತೀರಿ. ಅದಕ್ಕೂ ದಾರಿ ಇದೆ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಮನೆಮನೆಗೆ ಪರಿಚಯಿಸಿದ ಚೂಡಾರಾಪ್ಪೆಟ್ಟಿ, ಅಂದರೆ ಬಿಸಿ ಆರದ ಪೆಟ್ಟಿಗೆ, ನಮ್ಮ ಕಡೆಯ ಅಡುಗೆಮನೆಗಳಲ್ಲಿ ನೀವು ಕಂಡಿರಬಹುದು. ಅದು ಇಲ್ಲದಿದ್ದರೂ ನಡೆಯುತ್ತದೆ. ಬೇಕಷ್ಟು ನೀರಿಟ್ಟು ಅಕ್ಕಿಯನ್ನು ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ಬಿಗಿಯಾಗಿ ಹಾಕಿ, ಪಾತ್ರೆಯನ್ನು ದಪ್ಪ ಬೈರಾಸಿನಲ್ಲೋ ಹಳೇ ಕಂಬಳಿಯಲ್ಲೋ ಸುತ್ತಿ ರಟ್ಟಿನ ಪೆಟ್ಟಿಗೆಯೊಳಗೆ ಇಡಿ. ಒಂದೂವರೆ ಗಂಟೆಯಲ್ಲಿ ಅಕ್ಕಿ ಅರಳಿರುತ್ತದೆ. ಒಬ್ಬರಿಗೆ ಒಂದು ಕುಡ್ತೆ ಅಕ್ಕಿ ಹಾಕಿದರೆ ಎರಡು ಹೊತ್ತಿಗೆ ಸಾಕು. ರಾತ್ರಿ ಮಿಕ್ಕಿದ ಅನ್ನಕ್ಕೆ ತಣ್ಣೀರು ಹಾಕಿಟ್ಟು ಬೆಳಗ್ಗೆ ಮಜ್ಜಿಗೆ, ಉಪ್ಪು, ಜಜ್ಜಿದ ನೀರುಳ್ಳಿ, ಹಸಿಮೆಣಸು ಸೇರಿಸಿದರೆ ಹೋಟೆಲಿನ ತಿಂಡಿಯ ಖರ್ಚು ಉಳಿಯಿತು.

ಹುರುಳಿಯನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. ತೊಗರಿಬೇಳೆಗಿಂತ ಅದು ಹಿಂದೆ ಬಿದ್ದಿಲ್ಲ. ಅರ್ಧ ಕುಡ್ತೆ ಹುರುಳಿಯನ್ನು ನೀರಲ್ಲಿ ಜಾಲಿಸಿ, ಏಕೆಂದರೆ ಅದರಲ್ಲಿ ಸಣ್ಣ ಕಲ್ಲು ಇರುತ್ತದೆ, ರಾತ್ರಿ ನೆನೆಹಾಕಿ. ಬೆಳಗ್ಗೆ ಮೂರು ನಾಲ್ಕು ಪಾಲು ನೀರಿಟ್ಟು ಕುಕ್ಕರಿನಲ್ಲಿ ಆರೇಳು ಸೀಟಿ ಕೂಗಿಸಿ. ಕಾಳು ಎರಡು ಬೆರಳ ನಡುವೆ ಹಿಸುಕಿದರೆ ನುಣ್ಣಗಾಗಬೇಕು. ನೀರನ್ನು ಬೇರೆ ಬಸಿದುಕೊಳ್ಳಿ. ಆ ಕೆಂಪು ನೀರಿಗೆ ನೆಲ್ಲಿಕಾಯಿ ಗಾತ್ರದ ಹುಣಸೆಹುಳಿಯ ರಸ, ಉಪ್ಪು, ಚೂರು ಬೆಲ್ಲ, ಎರಡು ಚಮಚ ಬೆಂದ ಕಾಳನ್ನೇ ಜಜ್ಜಿ ಹಾಕಿ ಕುದಿಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಮುರಿದ ಒಣಮೆಣಸು, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನಸೊಪ್ಪಿನ ಒಗ್ಗರಣೆ ಕೊಡಿ. ಬೆಳ್ಳುಳ್ಳಿ ಕೆಂಪಗಾಗುವ ತನಕ ಕಾಯಿರಿ, ಅವಸರ ಮಾಡಿದರೆ ಪರಿಮಳ ಬರುವುದಿಲ್ಲ. ಉಳಿದ ಕಾಳಿಗೆ ನೀರುಳ್ಳಿ ಹಾಕಿ ಒಗ್ಗರಿಸಿ, ಕಾಯಿತುರಿ ಇದ್ದರೆ ಒಂದು ಹಿಡಿ ಉದುರಿಸಿ. ಒಂದೇ ಕಾಳು, ಒಂದೇ ಸಲದ ಗ್ಯಾಸು, ಸಾರು ಒಂದು, ಪಲ್ಯ ಒಂದು. ಸಾರು ಮರುದಿನ ಬಿಸಿ ಮಾಡಿದರೆ ಇನ್ನೂ ರುಚಿ.

ಪೇಟೆಯಲ್ಲಿ ತೆಂಗಿನಕಾಯಿ ತುಟ್ಟಿ. ಮನೆಯಲ್ಲಿ ಎಲ್ಲದಕ್ಕೂ ಕಾಯಿ ಅರೆದು ರೂಢಿಯಾದ ನಮಗೆ ಅದು ದೊಡ್ಡ ಪೆಟ್ಟು. ಆದರೆ ಕಾಯಿ ಇಲ್ಲದ ಬೋಳು ಹುಳಿ ನಮ್ಮ ಮನೆಗಳದ್ದೇ ಅಡುಗೆ. ಸೌತೆಕಾಯಿ, ಬದನೆ, ಬಸಳೆ ಯಾವುದಕ್ಕೂ ಸಲ್ಲುತ್ತದೆ. ಇದ್ದ ಅರ್ಧ ಹೋಳನ್ನು ತಂಬುಳಿಗೆ ಉಳಿಸಿ. ಕಾಲು ಚಮಚ ಮೆಂತೆ, ಅರ್ಧ ಚಮಚ ಜೀರಿಗೆ, ಒಂದು ಮೆಣಸು ಎಣ್ಣೆಯಲ್ಲಿ ಹುರಿದು ಎರಡು ಚಮಚ ಕಾಯಿತುರಿಯೊಡನೆ ಅರೆದು ಮಜ್ಜಿಗೆಗೆ ಬೆರೆಸಿದರೆ ಊಟಕ್ಕಾಯಿತು. ಒಂದೆಲಗ ಸಿಕ್ಕಿದರೆ ಅದರದ್ದು, ಪೇರಳೆಯ ಚಿಗುರು ಸಿಕ್ಕಿದರೆ ಅದರದ್ದು. ಒಣಗಿದ ಪುನರ್ಪುಳಿ ಸಿಪ್ಪೆ ನಾಲ್ಕು ಇದ್ದರೆ ಕಾಯಿಯೂ ಬೇಡ, ಬೇಳೆಯೂ ಬೇಡ, ಸಾರು ಕುದಿದೇ ಬಿಡುತ್ತದೆ.

ಮೀನು ತಿನ್ನುವ ಮನೆಯ ಮಕ್ಕಳಿಗೆ ನಾನು ಹೇಳುವುದು ಬೂತಾಯಿ. ಮಳೆ ಮುಗಿದ ಮೇಲೆ ಅದು ಧಾರಾಳ ಬಂದ ದಿನ ಅಂಜಲ್, ಮಾಂಜಿ ಕಡೆ ಕಣ್ಣು ಹಾಕಬೇಡಿ. ಸಣ್ಣ ಮೀನೆಂದು ಸತ್ವ ಕಡಿಮೆಯಿಲ್ಲ. ಮಳೆಗಾಲಕ್ಕೆ ಒಣಮೀನು ಸ್ವಲ್ಪ ಕಟ್ಟಿಕೊಂಡು ಹೋಗಿ. ಸುಟ್ಟು, ಕಾಯಿ ಮೆಣಸಿನೊಡನೆ ಅರೆದ ಚಟ್ನಿ ಗಂಜಿಗೆ ಸಾಕಷ್ಟಾಗುತ್ತದೆ.

ಸಾಮಾನು ಕೊಳ್ಳುವ ವಿಷಯ. ಸಂಬಳ ಬಂದ ದಿನವೇ ಅಕ್ಕಿ, ಹುರುಳಿ, ಹೆಸರು, ತೊಗರಿಬೇಳೆ, ಹುಣಸೆಹುಳಿ, ಉಪ್ಪು, ಬೆಲ್ಲ, ಒಣಮೆಣಸು, ಎಣ್ಣೆ ತಂದಿಡಿ. ಕೈಯಲ್ಲಿ ದುಡ್ಡಿರುವಾಗ ಡಬ್ಬಿ ತುಂಬದವನು ತಿಂಗಳ ಕೊನೆಗೆ ಚಿಲ್ಲರೆಯಲ್ಲಿ ದುಪ್ಪಟ್ಟು ಕೊಡುತ್ತಾನೆ. ಊರಿಗೆ ಬಂದಾಗ ಸಪ್ಲೈಕೋದ ಮಾವೇಲಿ ಸ್ಟೋರಿಗೆ ಒಮ್ಮೆ ಹೋಗಿ. ರೇಷನ್ ಕಾರ್ಡಿಗೆ ಹೆಸರು, ಕಡಲೆ, ತೊಗರಿ, ಮೆಣಸು, ತೆಂಗಿನೆಣ್ಣೆ ಮುಂತಾದ 13 ಸಾಮಾನು ಸಬ್ಸಿಡಿ ದರದಲ್ಲಿ ಕೊಡುತ್ತಾರೆ. ಸರಕು ಬಂದ ದಿನ ಕೇಳಿಕೊಂಡು ಹೋಗಬೇಕು, ಅಷ್ಟೆ. ಮನೆಯಲ್ಲಿ ಹಳದಿ ಅಥವಾ ಪಿಂಕ್ ಕಾರ್ಡ್ ಇದ್ದು ನಿಮ್ಮ ಆಧಾರ್ ಜೋಡಣೆಯಾಗಿದ್ದರೆ ‘ಒಂದು ದೇಶ ಒಂದು ಕಾರ್ಡ್’ ವ್ಯವಸ್ಥೆಯಲ್ಲಿ ಕರ್ನಾಟಕದ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ಹಾಗೆ ಪಡೆದದ್ದು ಮನೆಯ ಪಾಲಿನಿಂದಲೇ ಕಳೆಯುತ್ತದೆ, ಆದ್ದರಿಂದ ಅಮ್ಮನೊಡನೆ ಮಾತಾಡಿ ಮುಂದುವರಿಯಿರಿ. ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲುವುದರಲ್ಲಿ ಕೀಳುತನ ಇಲ್ಲ. ಅದು ನಿಮ್ಮ ಹಕ್ಕು.

ಗಂಡುಮಕ್ಕಳಿಗೆ ಬೇರೆಯಾಗಿ ಒಂದು ಮಾತು. ಅಡುಗೆ ಅಕ್ಕತಂಗಿಯರ ಕೆಲಸ ಎಂದು ನಿಮಗೆ ಯಾರಾದರೂ ಹೇಳಿದ್ದರೆ ಮರೆತುಬಿಡಿ. ನಮ್ಮ ಊರಿನ ಪೂಜೆ, ಮದುವೆ, ಉಪನಯನಗಳಲ್ಲಿ ನೂರಾರು ಮಂದಿಗೆ ಸೌಟು ಹಿಡಿಯುವವರು ಗಂಡಸರೇ. ಕೋಣೆಯಲ್ಲಿ ಮೂವರಿದ್ದರೆ ಸರದಿ ಹಾಕಿಕೊಳ್ಳಿ. ಒಬ್ಬ ಅಕ್ಕಿ ಇಟ್ಟರೆ ಇನ್ನೊಬ್ಬ ಪಾತ್ರೆ ತೊಳೆಯಲಿ. ಮೂರು ಜನ ಒಟ್ಟಿಗೆ ಉಂಡರೆ ಖರ್ಚೂ ಇಳಿಯುತ್ತದೆ, ಬೇಸರವೂ ಕಡಿಮೆ.

ಮುಂದಿನ ರಜೆಗೆ ಬಂದಾಗ ಎರಡು ದಿನ ಫೋನು ಬದಿಗಿಟ್ಟು ಅಡುಗೆಮನೆಯಲ್ಲಿ ನಿಲ್ಲಿ. ಅಮ್ಮನೋ ಅಜ್ಜಿಯೋ ಮಾಡುವುದನ್ನು ನೋಡಿದರೆ ಸಾಲದು, ಸೌಟು ಕೇಳಿ ತೆಗೆದುಕೊಂಡು ನೀವೇ ಮಾಡಿ, ಅವರು ಉಂಡು ಉಪ್ಪು ಹುಳಿ ಹೇಳಲಿ. ಅಲ್ಲಿಯವರೆಗೆ ಕಾಯಬೇಡಿ. ಈ ಶನಿವಾರ ರಾತ್ರಿಯೇ ಅರ್ಧ ಕುಡ್ತೆ ಹುರುಳಿ ನೆನೆಹಾಕಿ ಮಲಗಿ.